ಹನ್ನೊಂದು ಹುಡುಗಿಯರು ಮತ್ತು ನನ್ನ ಸಹಿ

ಕಳೆದ ತಿಂಗಳು ಪ್ರಾಯೋಗಿಕ ಪರೀಕ್ಷೆ ನಡೆಸಲು ದೇವದುರ್ಗಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಿಂದ ನಡೆದು ಬರುವ ದಾರಿಯಲ್ಲಿ ಒಬ್ಬಾತ ಅಂಗಡಿಯ ಮುಂದೆ ಹೊಸ ಟ್ರಂಕುಗಳನ್ನು ಸಾಲಾಗಿ ಇಟ್ಟುಕೊಂಡು ನೀಲಿ ಬಣ್ಣ ಬಳಿಯುತ್ತಿದ್ದ. ಹಾಸ್ಟೆಲುಗಳು ತೆರೆಯುವ ಕಾಲ. ಬಿಸಿಲಿಗೆ ಕಾದ ತಗಡಿನಿಂದ ಆಯಿಲ್ ಪೇಂಟಿನ ಘಾಟು ಎದ್ದು ಮೂಗಿಗೆ ಅಡರಿತು. ಇಂಥ ವಾಸನೆ ಬೇರೆಯವರಿಗೆ ಓದಿನ ದಿನಗಳನ್ನು ನೆನಪಿಗೆ ತಂದೀತು. ನನಗೆ ಸಿಟ್ಟು ಬಂತು. ನಿಂತಲ್ಲೇ ಕೆನ್ನೆ ಬಿಸಿಯಾಗುವಂಥ ಸಿಟ್ಟು. ಅದರಲ್ಲಿ ಅರ್ಧ ಒಬ್ಬ ಅಧಿಕಾರಿಯ ಮೇಲೆ, ಉಳಿದರ್ಧ ನನ್ನ ಮೇಲೆಯೇ. ಆ ವರ್ಷ ಮುಗಿದು ಎಷ್ಟು ಕಾಲವಾದರೂ ಎರಡು ಅರ್ಧದಲ್ಲಿ ಒಂದೂ ಆರಿಲ್ಲ.

ನಾನು ರಾಯಚೂರಿನ ಡಿಪ್ಲೊಮಾ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಹೆಸರು ವೈಜಯಂತಿ. ಆ ವರ್ಷ ಬೇಸಿಗೆಯಲ್ಲಿ ಜಿಲ್ಲೆಯ ಕೆಲವು ಹೆಣ್ಣುಮಕ್ಕಳ ಹಾಸ್ಟೆಲುಗಳಿಗೆ ವೈಫೈ ಹಾಕಿಸುವ ಯೋಜನೆ ಬಂತು. ಹುಡುಗಿಯರ ಕೈಗೆ ಒಂದೊಂದು ಟ್ಯಾಬ್, ಅದರಲ್ಲೇ ಪಾಠ, ಅದರಲ್ಲೇ ಪರೀಕ್ಷೆ. ಸಿಗ್ನಲ್ ಪ್ರತಿ ಖೋಲಿಗೂ ಮುಟ್ಟುತ್ತದೆಯೇ ಎಂದು ಅಳೆದು ನೋಡಬೇಕಿತ್ತು. ಅಳೆಯಲು ಯಾವ ಸಾಧನ ತೆಗೆದುಕೊಳ್ಳಬೇಕು ಎಂದು ತೀರ್ಮಾನಿಸಲು ಒಂದು ಸಣ್ಣ ಸಮಿತಿ ಮಾಡಿದರು. ಅದಕ್ಕೆ ತಾಂತ್ರಿಕ ಸದಸ್ಯೆ ನಾನು. ಯೋಜನೆಯ ಅಧಿಕಾರಿಯೇ ಅಧ್ಯಕ್ಷರು. ಅವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ.

ನಮ್ಮೆದುರು ಬಂದದ್ದು ಎರಡು ಸಾಧನ. ಮೊದಲನೆಯದು ನೋಡಲು ಬಲು ಚಂದ. ಕಟ್ಟಡದ ನಕ್ಷೆಯನ್ನು ಲ್ಯಾಪ್‌ಟಾಪಿಗೆ ಹಾಕಿ, ಅದನ್ನು ಹಿಡಿದು ಒಂದು ಸುತ್ತು ಅಡ್ಡಾಡಿದರೆ ಸಾಕು. ಸಿಗ್ನಲ್ ಚೆನ್ನಾಗಿ ಕೇಳಿಸಿದ ಕಡೆ ಹಸಿರು, ಕಡಿಮೆ ಇದ್ದಲ್ಲಿ ಹಳದಿ, ಇಲ್ಲದ ಕಡೆ ಕೆಂಪು ಬಣ್ಣ ತುಂಬಿಕೊಡುತ್ತದೆ. ನಾವು ಕಾಲಿಡದ ಜಾಗಕ್ಕೂ ತಾನೇ ಅಂದಾಜು ಮಾಡಿ ಬಣ್ಣ ಬಳಿಯುತ್ತದೆ. ಎರಡನೆಯದರಲ್ಲಿ ಬಣ್ಣವೇ ಇಲ್ಲ, ಬರೀ ಅಂಕಿಯ ಸಾಲು. ಅದನ್ನು ಬಳಸಬೇಕೆಂದರೆ ಹುಡುಗಿಯರು ಹಿಡಿಯುವ ಟ್ಯಾಬನ್ನೇ ಅವರು ಕೂರುವ ಜಾಗದಲ್ಲೇ ಇಟ್ಟು, ಅದರಿಂದ ಏನನ್ನಾದರೂ ಕಳಿಸಿ, ಅದು ತಲುಪಿತೇ, ಎಷ್ಟು ಸಲ ಮರಳಿ ಕಳಿಸಬೇಕಾಯಿತು ಎಂದು ಎಣಿಸಬೇಕು. ಒಂದು ಹಾಸ್ಟೆಲಿಗೆ ಒಂದು ಇಡೀ ದಿನ ಹಿಡಿಯುತ್ತದೆ.

ನಾನು ಎರಡನೆಯದನ್ನೇ ಕೇಳಿದೆ. ಕಾರಣ ಸರಳವಾದದ್ದು. ಛಾವಣಿಗೆ ಕೂಡಿಸುವ ವೈಫೈ ಪೆಟ್ಟಿಗೆಯ ದನಿ ದೊಡ್ಡದು, ಅಗ್ಗದ ಟ್ಯಾಬಿನ ದನಿ ಸಣ್ಣದು. ಪೆಟ್ಟಿಗೆ ಹೇಳಿದ್ದು ಟ್ಯಾಬಿಗೆ ಕೇಳಿಸುತ್ತದೆ, ಪರದೆಯ ಮೇಲೆ ಸಿಗ್ನಲ್ಲಿನ ಮೂರು ಪಟ್ಟಿಯೂ ಕಾಣುತ್ತದೆ. ಆದರೆ ಟ್ಯಾಬ್ ಹೇಳಿದ್ದು ಪೆಟ್ಟಿಗೆಗೆ ಕೇಳಿಸಬೇಕಲ್ಲ? ಮೊದಲನೆಯ ಸಾಧನ ಅದನ್ನು ನೋಡುವುದೇ ಇಲ್ಲ. ಒಂದು ಕಡೆಯ ಮಾತನ್ನಷ್ಟೇ ಕೇಳಿ ಎಲ್ಲ ಸರಿಯಿದೆ ಎಂದುಬಿಡುತ್ತದೆ.

ಸಾಹೇಬರು ಗೋಡೆಯ ಮೇಲೆ ಬಿದ್ದಿದ್ದ ಹಸಿರು ಚಿತ್ರದಿಂದ ಕಣ್ಣು ಕೀಳಲಿಲ್ಲ. "ಮೇಡಮ್, ನೀವು ಕ್ಲಾಸ್ ತಗೋಳಾಕತ್ತೀರಿ. ನಮಗ ಬೇಕಾಗಿದ್ದು ರಿಪೋರ್ಟು. ಇದನ್ನ ನೋಡಿದ್ರ ಮ್ಯಾಲಿನವ್ರಿಗಿ ಒಂದು ನಿಮಿಷದಾಗ ತಿಳೀತದ. ನಿಮ್ಮ ಅಂಕಿ ಯಾರು ಓದ್ಕೋಂತ ಕೂಡ್ತಾರ?"

"ಹಾಸ್ಟೆಲ್ ಈಗ ಖಾಲಿ ಅದಾವಲ್ರಿ ಸಾಹೇಬ್ರ. ಹುಡುಗ್ರು ಬಂದ ಮ್ಯಾಲ ಒಂದು ಸಲ ಅಳದು ನೋಡೋಣ."

"ಅಷ್ಟರಾಗ ವರ್ಷ ಮುಗೀತದ."

ನನ್ನ ಜೊತೆ ನಮ್ಮ ಪ್ರಯೋಗಾಲಯದ ಖಾಜಾ ಹುಸೇನರೂ ಬಂದಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಹಿರಿಯರು. ಜಿಲ್ಲೆಯಲ್ಲಿ ಟಿವಿ ಆಂಟೆನಾ ಏರಿಸುತ್ತಿದ್ದ ಕಾಲದಿಂದ ಸಿಗ್ನಲ್ಲಿನ ಬೆನ್ನು ಹತ್ತಿದವರು. ಹೊರಗೆ ನೀರು ಕುಡಿಯಲು ಬಂದಾಗ ಮೆಲ್ಲಗೆ ಹೇಳಿದರು: "ಮೇಡಮ್, ಖಾಲಿ ಮನ್ಯಾಗ ಕೂಗಿದ್ರ ದನಿ ಚಲೋನೇ ಕೇಳ್ತದ. ಮಂದಿ, ಸಾಮಾನು ಬಂದ ಮ್ಯಾಲ ನೋಡಬೇಕು. ಸಹಿ ಹಾಕಬ್ಯಾಡ್ರಿ."

ನನಗೆ ಗೊತ್ತಿತ್ತು. ಗೊತ್ತಿದ್ದೂ ಮೊದಲನೆಯ ಸಾಧನಕ್ಕೇ ಸಹಿ ಹಾಕಿದೆ. ಮಧ್ಯಾಹ್ನ ಎರಡೂವರೆ, ರಾಯಚೂರಿನ ಮೇ ತಿಂಗಳು, ಫ್ಯಾನು ಬಿಸಿಗಾಳಿಯನ್ನೇ ತಿರುವಿ ತಿರುವಿ ಸುರಿಯುತ್ತಿತ್ತು, ನಾನು ಊಟ ಮಾಡಿರಲಿಲ್ಲ. ಮನೆಗೆ ಹೋದರೆ ಸಾಕಾಗಿತ್ತು. ಇದಕ್ಕಿಂತ ದೊಡ್ಡ ಕಾರಣವೊಂದು ಇತ್ತು ಎಂದು ಹೇಳಿಕೊಳ್ಳಲು ಆಮೇಲೆ ಬಹಳ ಹುಡುಕಿದ್ದೇನೆ. ಸಿಕ್ಕಿಲ್ಲ. ಹತ್ತು ದಿನದಲ್ಲಿ ಹಾಸ್ಟೆಲುಗಳ ಹಸಿರು ನಕ್ಷೆಗಳು ಬಂದವು. "ಎಲ್ಲ ಖೋಲಿಗಳಲ್ಲೂ ಸಿಗ್ನಲ್ ತೃಪ್ತಿಕರ" ಎಂಬ ಸಾಲಿನ ಕೆಳಗೆ ತಾಂತ್ರಿಕ ಸದಸ್ಯೆ ಎಂದು ಮತ್ತೆ ಸಹಿ ಹಾಕಿದೆ. ಒಮ್ಮೆ ಸಾಧನವನ್ನು ಒಪ್ಪಿಕೊಂಡ ಮೇಲೆ ಅದು ಹೇಳಿದ್ದನ್ನು ಒಪ್ಪದಿರಲು ದಾರಿ ಎಲ್ಲಿರುತ್ತದೆ?

ಜೂನ್ ಬಂತು, ಮಳೆ ಎರಡು ಸಲ ಬಂದಂತೆ ಮಾಡಿ ಹೋಯಿತು, ಆಮೇಲೆ ಒಂದೇ ಸಮನೆ ಹಿಡಿಯಿತು. ಹಾಸ್ಟೆಲುಗಳು ತುಂಬಿದವು. ನಾನು ಆ ವಿಷಯ ಮರೆತೇಬಿಟ್ಟಿದ್ದೆ.

ಸೆಪ್ಟೆಂಬರಿನ ಒಂದು ಶನಿವಾರ, ಪ್ರಯೋಗಾಲಯದಲ್ಲಿ ಹುಡುಗರು ಬೋರ್ಡುಗಳನ್ನು ಎತ್ತಿಡುತ್ತಿದ್ದರು. ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಹದಿನೇಳು ಇದ್ದೀತು. ಬಸ್ಸಿನ ಧೂಳು ತಲೆಗೂದಲ ಮೇಲೆ ಕೂತಿತ್ತು. ಕೈಯಲ್ಲಿ ಮಡಚಿದ ಝರಾಕ್ಸ್ ಹಾಳೆಗಳು. ಯಾರು ಬೇಕು ಎಂದು ನಾನು ಕೇಳುವ ಮೊದಲೇ ಒಳಗೆ ಬಂದು ಒಂದು ಹಾಳೆಯನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟು, ಕೆಳಗಿನ ಮೂಲೆಯ ಮೇಲೆ ಬೆರಳಿಟ್ಟಳು.

"ಇದು ನಿಮ್ಮ ಸಹೀನೇನ್ರಿ ಮೇಡಮ್?"

ನನ್ನದೇ.

"ನೀವು ನಮ್ಮ ಖೋಲಿಗಿ ಬಂದಿದ್ರೇನ್ರಿ?"

ಇಂಥ ಸರಳ ಪ್ರಶ್ನೆಯನ್ನು ಅಲ್ಲಿಯ ತನಕ ನನಗೆ ಯಾರೂ ಕೇಳಿರಲಿಲ್ಲ. ಇಲ್ಲ ಎಂದೆ. ಅವಳು ಜಗಳಕ್ಕೆ ನಿಲ್ಲಲಿಲ್ಲ. ನಾನು ಕೂಡು ಎಂದ ಮೇಲೆ ಸ್ಟೂಲಿನ ತುದಿಯಲ್ಲಿ ಕೂತು ಎಲ್ಲ ಹೇಳಿದಳು.

ಹೆಸರು ಹುಲಿಗೆಮ್ಮ, ಊರು ಅರಕೇರಾ. ದೇವದುರ್ಗದ ಹಾಸ್ಟೆಲಿನಲ್ಲಿ ಇದ್ದುಕೊಂಡು ಪಿಯುಸಿ ಎರಡನೆಯ ವರ್ಷ ಓದುತ್ತಿದ್ದಳು. ಹಿಂದಿನ ತಿಂಗಳು ಟ್ಯಾಬಿನಲ್ಲಿ ಒಂದು ಪರೀಕ್ಷೆ ಆಗಿತ್ತು. ಅದರಲ್ಲಿ ಮೇಲೆ ಬಂದವರನ್ನು ರಾಯಚೂರಿನಲ್ಲಿ ಇರಿಸಿಕೊಂಡು, ನರ್ಸಿಂಗ್, ಎಂಜಿನಿಯರಿಂಗಿನಂಥ ಪ್ರವೇಶ ಪರೀಕ್ಷೆಗಳಿಗೆ ಉಚಿತವಾಗಿ ತಯಾರು ಮಾಡುತ್ತಾರೆ. ಹುಡುಗಿಯರು ತಮ್ಮ ತಮ್ಮ ಮಂಚದ ಮೇಲೆ ಕೂತು ಬರೆದರು. ಹಿಂಬದಿಯ ಮೂರು ಖೋಲಿಗಳಲ್ಲಿದ್ದ ಹನ್ನೊಂದು ಮಂದಿಯ ಟ್ಯಾಬು ಮೇಲಿಂದ ಮೇಲೆ ಸಂಪರ್ಕ ಕಳೆದುಕೊಂಡಿತು. ಬರೆದ ಉತ್ತರ ಹೋಗಲಿಲ್ಲ. ಆಮೇಲೆ ನೋಟಿಸು ಬಂತು: ಇವರು ಬೇಕೆಂದೇ ನೆಟ್ ಬಂದ್ ಮಾಡಿ ನಕಲು ಮಾಡಿದ್ದಾರೆ, ಆದ್ದರಿಂದ ಅನರ್ಹರು. ಹುಡುಗಿಯರು ನೆಟ್ ಇರಲಿಲ್ಲ ಎಂದರು. ಆದರೆ ನೆಟ್ ಇಲ್ಲವೆನ್ನಲು ಸಾಧ್ಯವೇ ಇಲ್ಲ ಎಂಬುದಕ್ಕೆ ಸಾಕ್ಷಿಯಾಗಿ ನೋಟಿಸಿನ ಬೆನ್ನಿಗೆ ಹಸಿರು ನಕ್ಷೆಯನ್ನು ಲಗತ್ತಿಸಿದ್ದರು. ನನ್ನ ಸಹಿಯೊಂದಿಗೆ.

"ನಾವು ಕಾಪಿ ಹೊಡದಿಲ್ರಿ. ಹೊಡದಿದ್ರ ಉತ್ತರ ಕಳಸಬೇಕಲ್ರಿ ಮೊದಲು? ಅದೇ ಹೋಗವಲ್ದಲ್ರಿ."

ಮರುದಿನ ಭಾನುವಾರ. ಬೆಳಗಿನ ಬಸ್ಸಿಗೆ ಖಾಜಾ ಸಾಹೇಬರನ್ನು ಕರೆದುಕೊಂಡು ದೇವದುರ್ಗಕ್ಕೆ ಹೊರಟೆ. ಕಾಲೇಜಿನ ಹಳೆಯ ಲ್ಯಾಪ್‌ಟಾಪಿನಲ್ಲಿ, ಗಾಳಿಯಲ್ಲಿ ಹೋಗಿ ಬರುವ ಪ್ರತಿಯೊಂದು ತುಣುಕನ್ನೂ ಎಣಿಸುವ ಉಚಿತ ತಂತ್ರಾಂಶ ಇತ್ತು. ಸಮಿತಿ ಬೇಡವೆಂದ ಸಾಧನದ ಕೆಲಸವನ್ನು ಅದು ಒರಟಾಗಿಯಾದರೂ ಮಾಡುತ್ತಿತ್ತು. ದಾರಿಯುದ್ದಕ್ಕೂ ಖಾಜಾ ಸಾಹೇಬರು ನನ್ನ ಸಹಿಯ ಮಾತು ತೆಗೆಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ವಾರ್ಡನ್ ಶಿವಗಂಗಮ್ಮ ಗೇಟಿನಲ್ಲೇ ಕಾಯುತ್ತಿದ್ದರು. "ಬರ್ರಿ ಮೇಡಮ್, ನೀವರ ಬಂದ್ರಲ್ಲ. ನೆಟ್ ಅಳಿಯಾಕ ಆ ಮನಷ್ಯಾ ಬ್ಯಾಸಗ್ಯಾಗ ಬಂದಾಗ ಹಿಂದಿನ ಖೋಲಿ ಕೀಲಿ ಹಾಕಿದ್ವಿ ನಾವು. ಕೀಲಿ ತರ್ತೀನಿ ನಿಂದರ್ರಿ ಅಂದ್ರ, ಬ್ಯಾಡ ಬಿಡ್ರಿ, ವರಾಂಡದಾಗ ಅಡ್ಡಾಡಿದ್ರ ಸಾಕು ಅಂದಾ. ಹತ್ತು ನಿಮಿಷ ಇದ್ದಿಲ್ಲ."

ಹತ್ತು ನಿಮಿಷ. ಒಳಗೆ ಕಾಲಿಡದ ಖೋಲಿಗಳಿಗೆ ಯಂತ್ರವೇ ಹಸಿರು ಬಳಿದಿತ್ತು.

ಹಿಂಬದಿಯ ಖೋಲಿಗೆ ಹೋದೆವು. ಗೋಡೆ ಹಳೆಯ ಕಲ್ಲಿನದು, ಮೊಳಕ್ಕಿಂತ ದಪ್ಪ. ವರಾಂಡದ ಕಡೆಯ ಗೋಡೆಗೆ ಒತ್ತಿ ಹುಡುಗಿಯರ ಟ್ರಂಕುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ನೀಲಿ, ಹಸಿರು ಬಣ್ಣ, ಮೇಲೆ ಬಿಳಿಯಲ್ಲಿ ಬರೆದ ಹೆಸರುಗಳು. ಕಬ್ಬಿಣದ ಮಂಚಗಳು. ನಡುವೆ ಅಷ್ಟು ಜನ. ಕಲ್ಲು, ತಗಡು, ಕಬ್ಬಿಣ, ಮನುಷ್ಯರ ಮೈ, ಇಷ್ಟನ್ನೂ ದಾಟಿ ಒಂದು ಅಗ್ಗದ ಟ್ಯಾಬಿನ ಸಣ್ಣ ದನಿ ವರಾಂಡದ ಪೆಟ್ಟಿಗೆಗೆ ಮುಟ್ಟಬೇಕಿತ್ತು. ಮೇ ತಿಂಗಳಲ್ಲಿ ಇದಾವುದೂ ಅಲ್ಲಿರಲಿಲ್ಲ, ಕಲ್ಲೊಂದನ್ನು ಬಿಟ್ಟು.

ಪರೀಕ್ಷೆಯ ದಿನ ಹೇಗಿದ್ದರೋ ಹಾಗೇ ಎಲ್ಲರನ್ನೂ ಕೂಡಿಸಿದೆವು. ಮುಂಬದಿಯ ಖೋಲಿಯ ಹುಡುಗಿಯರೂ ತಮ್ಮ ಟ್ಯಾಬು ತೆರೆದು ಕೂತರು. ಖಾಜಾ ಸಾಹೇಬರು ವರಾಂಡದ ಪೆಟ್ಟಿಗೆಯ ಕೆಳಗೆ ಲ್ಯಾಪ್‌ಟಾಪ್ ಹಿಡಿದು ನಿಂತರು. ನಾನು ಹುಲಿಗೆಮ್ಮನ ಮಂಚದ ಪಕ್ಕ ಕೂತೆ. ಅವಳು ಒಂದು ಉತ್ತರ ಒತ್ತಿ ಕಳಿಸಿದಳು. ಪರದೆಯ ಮೇಲೆ ಮೂರು ಪಟ್ಟಿ ಸೊಕ್ಕಿನಿಂದ ನಿಂತಿದ್ದವು. ಅದರ ಕೆಳಗೆ ಸಣ್ಣ ಚಕ್ರ ತಿರುಗತೊಡಗಿತು. ತಿರುಗಿತು, ತಿರುಗಿತು, ನಿಂತಿತು, ಸಂಪರ್ಕ ಹೋಯಿತು, ಮತ್ತೆ ಬಂತು.

"ಪಟ್ಟಿ ಮೂರು ಅದಾವ್ರಿ ಖಾಜಾ ಸಾಹೇಬ್ರ!" ಎಂದು ಕೂಗಿದೆ.

"ಇರ್ಲಿ ಬಿಡ್ರಿ. ಇಲ್ಲಿ ಸರಿಯಾಗಿ ಬರವಲ್ದು. ಹತ್ತು ಸಲ ಕಳಿಸಿದ್ರ ಎರಡೋ ಮೂರೋ ಮುಟ್ಟಾಕತ್ತಾವ. ಉಳದಿದ್ದು ದಾರ್ಯಾಗ ಖತಂ."

ಹನ್ನೊಂದು ಮಂಚಗಳಲ್ಲಿಯೂ ಹೀಗೇ ಮಾಡಿದೆವು. ಹತ್ತರಲ್ಲಿ ಹುಡುಗಿಯರಿದ್ದರು. ಒಂದು ಬರಿದಾಗಿತ್ತು, ಹಾಸಿಗೆಯನ್ನೂ ಸುತ್ತಿಕೊಂಡು ಹೋಗಿದ್ದರು. ಯಾರದೆಂದು ಕೇಳಿದೆ. "ಶರಣಮ್ಮಂದ್ರಿ," ಎಂದಳು ಹುಲಿಗೆಮ್ಮ. "ಬಾಗಲವಾಡದಾಕಿ. ಮಾನ್ವ್ಯಾಗ ಸೀಟು ಸಿಗಲಿಲ್ಲಂತ ಇಲ್ಲಿಗಿ ಬಂದಿದ್ಲು. ನಮ್ಮೆಲ್ಲರಕಿಂತ ಶ್ಯಾಣ್ಯಾಕಿ ಆಕಿ. ನೋಟಿಸು ಬಂದ ಮರುದಿನ ಅವರಪ್ಪ ಬಂದು ಕರಕೊಂಡು ಹೋದ್ರಿ. ಕಾಪಿ ಹೊಡದಾಕಿ ಅನ್ನಿಸ್ಕೊಂಡು ಓದಾದು ಬ್ಯಾಡ ಅಂದ್ರು."

ಸೋಮವಾರ ಅಂಕಿಗಳ ಹಾಳೆಗಳನ್ನು ಹಿಡಿದು ಸಾಹೇಬರ ಕಚೇರಿಗೆ ಹೋದೆ. ಅವರು ಹಾಳೆ ಮುಟ್ಟಲಿಲ್ಲ. ಕಡತ ತೆರೆದು ಹಸಿರು ನಕ್ಷೆಯನ್ನು ನನ್ನ ಕಡೆ ತಿರುಗಿಸಿದರು.

"ನಿಮ್ಮ ಸಹಿ ಇರೋ ರಿಪೋರ್ಟ್ ಸುಳ್ಳಾ, ಇಲ್ಲಾ ನೀವು ತಂದಿರೋ ಈ ಹಾಳಿ ಸುಳ್ಳಾ? ಹೇಳ್ರಿ ಮೇಡಮ್."

"ನನ್ನ ಸಹಿ ಸುಳ್ಳು ಸಾಹೇಬ್ರ. ನಾನು ಆ ಖೋಲಿ ನೋಡಿದ್ದಿಲ್ಲ. ಬರದು ಕೊಡ್ತೀನಿ."

ಇದನ್ನು ಅವರು ನಿರೀಕ್ಷಿಸಿರಲಿಲ್ಲ. ದನಿ ಇಳಿಸಿದರು. "ಬರದು ಕೊಟ್ರ ನಿಮ್ಮ ನೌಕರಿಗೇ ತ್ರಾಸ ಆಗ್ತದ. ನಿಮ್ಮ ಒಳ್ಳೇದಕ್ಕ ಹೇಳಾಕತ್ತೀನಿ. ಹನ್ನೊಂದು ಹುಡುಗ್ರ ಸಲುವಾಗಿ ಇಡೀ ಯೋಜನಾ ಹಾಳು ಮಾಡ್ತೀರೇನು? ಆ ಹುಡುಗ್ರು ಎಂಥವು ಅಂತ ನನಗ ಗೊತ್ತದ. ಮೊಬೈಲ್ ಸಿಕ್ರ ಸಾಕು."

ಆ ಹುಡುಗ್ರು ಎಂಥವು. ಈ ಮಾತು ಕೇಳುವ ತನಕ ನನ್ನ ಮನಸ್ಸಿನಲ್ಲಿ ಇದ್ದದ್ದು ಹೆಚ್ಚಾಗಿ ನಾಚಿಕೆ. ಆಗ ಅದು ಸಿಟ್ಟಾಗಿ ತಿರುಗಿತು. ಆ ಹುಡುಗಿಯರ ಮುಖವನ್ನೂ ಅವರು ನೋಡಿರಲಿಲ್ಲ, ಖೋಲಿಯನ್ನೂ ನೋಡಿರಲಿಲ್ಲ. ನೋಡಿದ್ದು ಬಣ್ಣದ ಚಿತ್ರ ಒಂದನ್ನೇ, ಆದರೂ ಆ ಹುಡುಗಿಯರು ಎಂಥವರೆಂದು ಸಾಹೇಬರಿಗೆ ಗೊತ್ತಿತ್ತು.

ಆ ಕಚೇರಿಯ ವೈಫೈಯನ್ನೂ ಅದೇ ಸಾಧನದಿಂದ ಅಳೆದಿದ್ದರು. ಅದರ ಹಸಿರು ನಕ್ಷೆಗೆ ಕಟ್ಟು ಹಾಕಿಸಿ ಅವರ ಕುರ್ಚಿಯ ಹಿಂದೆಯೇ ನೇತುಹಾಕಿದ್ದರು. ನನ್ನ ಬ್ಯಾಗಿನಲ್ಲಿ ಹಾಸ್ಟೆಲಿನಿಂದ ಕೇಳಿ ತಂದ ಒಂದು ಟ್ಯಾಬ್ ಇತ್ತು. "ಸಾಹೇಬ್ರ, ಹತ್ತು ಹೆಜ್ಜಿ ನನ್ನ ಜೋಡಿ ಬರ್ರಿ," ಎಂದೆ. ಯಾಕೋ ಎದ್ದು ಬಂದರು. ಹಿಂದಿನ ರೆಕಾರ್ಡ್ ರೂಮಿಗೆ ಕರೆದೊಯ್ದೆ. ಸುತ್ತ ಕಬ್ಬಿಣದ ಕಪಾಟುಗಳು. ಟ್ಯಾಬನ್ನು ಅವರ ಕೈಗೇ ಕೊಟ್ಟು, ಮಾದರಿ ಪರೀಕ್ಷೆಯ ಮೊದಲ ಪ್ರಶ್ನೆಗೆ ಉತ್ತರ ಕಳಿಸಿ ಎಂದೆ. ಅವರು ಒತ್ತಿದರು. ಮೂರು ಪಟ್ಟಿ. ಚಕ್ರ ತಿರುಗಿತು. ಬಾಗಿಲಲ್ಲಿ ಇಬ್ಬರು ಗುಮಾಸ್ತರು ಬಂದು ನಿಂತರು. ಸಾಹೇಬರು ಮತ್ತೊಮ್ಮೆ ಒತ್ತಿದರು, ಮಗದೊಮ್ಮೆ ಒತ್ತಿದರು. ಹಣೆಯ ಮೇಲೆ ಬೆವರು ಮೂಡಿತು.

"ಇವತ್ತು ನೆಟ್ ಸ್ವಲ್ಪ ಸ್ಲೋ ಅದ," ಎಂದರು.

"ನಿಮ್ಮದು ಸ್ಲೋ ಸಾಹೇಬ್ರ. ಆ ಹುಡುಗ್ರದಾದ್ರ ನಕಲು."

ಅವರು ಟ್ಯಾಬನ್ನು ನನ್ನ ಕೈಗಿಟ್ಟು ನಡೆದುಬಿಟ್ಟರು. ನಾನು ಅಲ್ಲೇ ಬೆಂಚಿನ ಮೇಲೆ ಕೂತು, ಸಹಿ ಹಿಂತೆಗೆದುಕೊಳ್ಳುತ್ತೇನೆ, ಖೋಲಿಗಳನ್ನು ನೋಡದೆ ಹಾಕಿದ ಸಹಿ ಅದು, ಎಂದು ಒಂದು ಪುಟ ಬರೆದೆ. ಅಂಕಿಯ ಹಾಳೆಗಳನ್ನು ಅದಕ್ಕೆ ಲಗತ್ತಿಸಿ ಟಪಾಲು ಟೇಬಲ್ಲಿಗೆ ಕೊಟ್ಟೆ. ನಕಲು ಪ್ರತಿಯ ಮೇಲೆ ಮೊಹರು ಒತ್ತಿಸಿಕೊಂಡೆ. ಅದಕ್ಕೆ ಇವತ್ತಿನ ತನಕ ಉತ್ತರವಿಲ್ಲ. ನನ್ನ ನೌಕರಿಗೆ ತ್ರಾಸವೂ ಆಗಲಿಲ್ಲ. ಆ ಕಾಗದ ಬಂದೇ ಇಲ್ಲ ಎಂಬಂತೆ ಇದ್ದುಬಿಟ್ಟರು.

ಹತ್ತಿ ಒಡೆಯುವ ಹೊತ್ತಿಗೆ ಆದೇಶ ಬಂತು. ಮಾನವೀಯ ನೆಲೆಯಲ್ಲಿ ಕ್ಷಮಿಸಿ, ಒಂದು ಬಾರಿಗೆ ಮಾತ್ರ, ಮರುಪರೀಕ್ಷೆಗೆ ಅವಕಾಶ ಕೊಡಲಾಗಿದೆ. ಹುಡುಗಿಯರು ಮೊದಲು ಒಂದು ಮುಚ್ಚಳಿಕೆ ಬರೆದುಕೊಡಬೇಕು: ಇನ್ನು ಮುಂದೆ ಇಂಥ ತಪ್ಪು ಮಾಡುವುದಿಲ್ಲ. ಸಿಗ್ನಲ್ಲಿನ ಮಾತು ಒಂದಕ್ಷರ ಇಲ್ಲ, ಸಾಧನದ ಮಾತಿಲ್ಲ, ಕೀಲಿ ಹಾಕಿದ್ದ ಖೋಲಿಯ ಮಾತಿಲ್ಲ. ಮಾಡದ ತಪ್ಪಿಗೆ ಕ್ಷಮೆ! ಹರಿದು ಹಾಕಬೇಕೆನ್ನಿಸಿತು. ಆದರೆ ಹರಿದರೆ ಪರೀಕ್ಷೆಯೂ ಹೋಗುತ್ತಿತ್ತು.

ಮುಚ್ಚಳಿಕೆಗೆ ಸಹಿ ಹಾಕುವ ದಿನ ನಾನೂ ಹಾಸ್ಟೆಲಿನಲ್ಲಿದ್ದೆ. ಒಬ್ಬೊಬ್ಬರೇ ಬಂದು ತಲೆ ಬಗ್ಗಿಸಿ ಹಾಕಿದರು. ಹುಲಿಗೆಮ್ಮ ಪೆನ್ನು ತೆಗೆದುಕೊಂಡು ಅಚ್ಚಾದ ಸಾಲನ್ನು ಎರಡು ಸಲ ಓದಿದಳು. ಆಮೇಲೆ ಸ್ಕೇಲು ಇಟ್ಟಷ್ಟು ನೇರವಾಗಿ ಅದರ ಮೇಲೆ ಗೆರೆ ಎಳೆದು, ಕೆಳಗೆ "ನಾನು ಉತ್ತರ ಬರೆದಿದ್ದೆ" ಎಂದು ಬರೆದು ಸಹಿ ಹಾಕಿದಳು.

ಶಿವಗಂಗಮ್ಮ ಹೌಹಾರಿದರು. "ಏ ಹುಡುಗಿ, ಹಂಗ ಮಾಡಬಾರದವ್ವಾ. ವಾಪಸ್ ಕಳಿಸ್ತಾರ."

"ಕಳಿಸ್ಲಿ ಬಿಡ್ರಿ. ಓದಿ ಕಳಿಸ್ತಾರಲ್ರಿ? ಓದಲಿ."

ಯಾರೂ ಓದಲಿಲ್ಲ. ಹತ್ತು ಕಾಗದ ಬಂದವೆಂದು ಕಚೇರಿಯಲ್ಲಿ ಗುರುತು ಹಾಕಿಕೊಂಡರು, ಅಷ್ಟೆ. ಮರುಪರೀಕ್ಷೆಯನ್ನು ನಮ್ಮ ಕಾಲೇಜಿನಲ್ಲೇ ಇಡಬೇಕು, ಗಾಳಿಯ ಸಿಗ್ನಲ್ ಬೇಡ, ತಂತಿ ಹಾಕಿದ ಕಂಪ್ಯೂಟರುಗಳಲ್ಲೇ ನಡೆಯಬೇಕು ಎಂದು ನಾನು ಹಟ ಹಿಡಿದೆ. ಖಾಜಾ ಸಾಹೇಬರು ಒಂದೊಂದು ತಂತಿಯನ್ನೂ ಎಳೆದು ನೋಡಿದರು. ಹತ್ತು ಮಂದಿಯಲ್ಲಿ ಆರು ಮಂದಿ ಆಯ್ಕೆಯಾದರು. ಹುಲಿಗೆಮ್ಮ ಅವರಲ್ಲಿ ಒಬ್ಬಳು. ಅಷ್ಟರಲ್ಲಿ ತರಬೇತಿ ಶುರುವಾಗಿ ಒಂದೂವರೆ ತಿಂಗಳು ಕಳೆದಿತ್ತು. ಕಳೆದ ಪಾಠವನ್ನು ಉಳಿದವರ ನೋಟ್‌ಬುಕ್ಕಿನಿಂದ ಬರೆದುಕೊಂಡು ಓದಿದಳು. ಈಗ ನರ್ಸಿಂಗ್ ಮಾಡುತ್ತಿದ್ದಾಳೆ.

ಶರಣಮ್ಮನ ಮಾತು ಉಳಿಯಿತು. ಮರುಪರೀಕ್ಷೆಗೆ ನಾಲ್ಕು ದಿನ ಇರುವಾಗ ಆದೇಶದ ಪ್ರತಿ ಹಿಡಿದು ಮಾನ್ವಿಗೆ ಹೋಗಿ, ಅಲ್ಲಿಂದ ಬಾಗಲವಾಡದ ಬಸ್ಸು ಹತ್ತಿದೆ. ಮನೆಗೆ ಬೀಗ, ಹೊಲದಲ್ಲಿದ್ದಾರೆ ಎಂದರು. ಅಪ್ಪ ಮಗಳು ಇಬ್ಬರೂ ಹತ್ತಿ ಬಿಡಿಸುತ್ತಿದ್ದರು. ಶರಣಮ್ಮ ಸೊಂಟಕ್ಕೆ ಕಟ್ಟಿದ ಚೀಲದಿಂದ ಕೈ ತೆಗೆದು ಆದೇಶವನ್ನು ಇಸಿದುಕೊಂಡಳು. ಓದಿದಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದರಾಗ ನಾವು ತಪ್ಪು ಮಾಡಿಲ್ಲಂತ ಎಲ್ಲಿ ಬರದಾರ್ರಿ ಮೇಡಮ್?"

"ಬರದಿಲ್ಲಮ್ಮ. ಪರೀಕ್ಷಾ ಬರೀಲಿಕ್ಕೆ ಬಿಟ್ಟಾರ."

"ಕ್ಷಮಿಸಿ ಅಂತ ಅದ. ಅಂದ್ರ ಮಾಡೀವಂತ ಆತಲ್ರಿ?"

ಅವಳ ಅಪ್ಪ ಹತ್ತಿರ ಬಂದರು. ನಾನು ಯಾರೆಂದು ಹೇಳಿದೆ, ತಪ್ಪು ನನ್ನದೆಂದೂ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಅವರ ಮುಖದಲ್ಲಿ ಇದ್ದದ್ದು ದಣಿವು. "ಯವ್ವಾ, ನೀವು ಬಾಯಿಲೆ ಹೇಳಾಕತ್ತೀರಿ. ಊರಾಗಿನ ಮಂದಿ ನೋಟಿಸು ಓದ್ಯಾರ. ಅವರಿಗಿ ನಾ ಏನು ತೋರಿಸ್ಲಿ?"

ಬ್ಯಾಗಿನಿಂದ ಪೆನ್ನು ತೆಗೆದೆ. ಆದೇಶದ ಬೆನ್ನಿಗೇ ದೊಡ್ಡ ಅಕ್ಷರದಲ್ಲಿ ಬರೆದೆ: "ಶರಣಮ್ಮ ನಕಲು ಮಾಡಿಲ್ಲ. ಅವಳ ಖೋಲಿಯಲ್ಲಿ ಸಿಗ್ನಲ್ ಇರಲಿಲ್ಲ. ಇದೆ ಎಂದು ನೋಡದೆ ಬರೆದವಳು ನಾನು." ಕೆಳಗೆ ಸಹಿ ಹಾಕಿದೆ, ಹುದ್ದೆಯನ್ನೂ ಬರೆದೆ.

ಅವರು ಎರಡೂ ಕೈಯಲ್ಲಿ ಹಿಡಿದು, ತುಟಿ ಆಡಿಸುತ್ತ ನಿಧಾನವಾಗಿ ಓದಿದರು. ಕಾಗದವನ್ನು ಬಿಸಿಲಿಗೆ ಎತ್ತಿ ಹಿಡಿದು, ಏನೋ ಹುಡುಕುವವರಂತೆ ಮೂಲೆ ಮೂಲೆ ನೋಡಿದರು. ಆಮೇಲೆ ಮಡಚಿ, ಬಹಳ ಮರ್ಯಾದೆಯಿಂದ ನನ್ನ ಕೈಗೆ ವಾಪಸು ಕೊಟ್ಟರು.

"ಇದರ ಮ್ಯಾಲ ಮೊಹರಿಲ್ಲಲ್ರಿ ಯವ್ವಾ."